ಕಿಟಕಿಯ ಬಳಿಯ ಸಾಕ್ಷಿ

ನೆರೆಮನೆಯ ಕಡೆ ಕಣ್ಣಿಟ್ಟ ಹೆಂಗಸೊಬ್ಬಳು ಏನನ್ನೋ ಕಾಣುತ್ತಾಳೆ. ಹೇಳಿದರೆ ಯಾರೂ ನಂಬುವುದಿಲ್ಲ. ಈಚಿನ ಪತ್ತೇದಾರಿ ಕಾದಂಬರಿಗಳಲ್ಲಿ ಬಹು ಜನಪ್ರಿಯವಾಗಿರುವ ಈ ವಸ್ತುವಿಗೆ ಹಳೆಯ ಚರಿತ್ರೆಯಿದೆ.

1942ರಲ್ಲಿ ಕಾರ್ನೆಲ್ ವೂಲ್‌ರಿಚ್ ಬರೆದ, 1954ರಲ್ಲಿ ಹಿಚ್‌ಕಾಕ್ 'ರಿಯರ್ ವಿಂಡೋ' ಚಿತ್ರವಾಗಿಸಿದ ಕಥೆಯಲ್ಲಿ ಕಿಟಕಿಯ ಬಳಿ ಕುಳಿತವನು ಗಂಡಸು. 1957ರ ಅಗಾಥಾ ಕ್ರಿಸ್ಟಿಯವರ ಕಾದಂಬರಿಯಲ್ಲಿ, ಪಕ್ಕದ ರೈಲಿನಲ್ಲಿ ಕೊಲೆ ಕಂಡ ವೃದ್ಧೆಯ ಮಾತನ್ನು ಟಿಕೆಟ್ ಕಲೆಕ್ಟರು ನಿದ್ದೆಗಣ್ಣಿನ ಕನಸೆಂದು ಬಗೆಯುತ್ತಾನೆ. 2015ರಲ್ಲಿ ಪೌಲಾ ಹಾಕಿನ್ಸ್ ಬರೆದ 'ದಿ ಗರ್ಲ್ ಆನ್ ದಿ ಟ್ರೇನ್'ನ ನಾಯಕಿಗೆ ಕುಡಿತದಿಂದ ಮರೆವು. ಆ ಮರೆವಿನೊಳಗೆ ಸುಳ್ಳು ತುಂಬಿದವನು ಅವಳ ಹಿಂದಿನ ಗಂಡನೇ.

ನಮ್ಮ ಖಿದಿರ್‌ಪುರದ ಹಳೆಯ ಮನೆಗಳ ಖೊಡ್‌ಖೊಡಿ ಕಿಟಕಿಗಳನ್ನು ಕಂಡಾಗ ಸತ್ಯಜಿತ್ ರಾಯ್ ಅವರ 'ಚಾರುಲತಾ' (1964) ನೆನಪಾಗುತ್ತದೆ. ಚಾರು ಅಂಥದೇ ಕಿಟಕಿಯ ಸಂದಿನಿಂದ ದುರ್ಬೀನು ಹಿಡಿದು ಬೀದಿ ನೋಡುತ್ತಾಳೆ. ಮನೆಯೊಳಗೆ ಹಾದುಹೋಗುವ ಗಂಡನನ್ನೂ ಅದರಿಂದಲೇ ನೋಡುತ್ತಾಳೆ. ಅವನು ಅವಳನ್ನು ಗಮನಿಸುವುದೇ ಇಲ್ಲ.

ಕನ್ನಡದಲ್ಲಿ ಈ ಕಿಟಕಿಯನ್ನು ಹೊರಗಿನಿಂದ ತೋರಿಸಿದವರು ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928–1963). ಪುಟ್ಟಣ್ಣ ಕಣಗಾಲರ ಚಿತ್ರದಿಂದ ಮನೆಮಾತಾದ 'ಶರಪಂಜರ'ದ ಕಾವೇರಿ, ಬಾಣಂತಿತನದ ಮನೋರೋಗ ಗುಣವಾಗಿ ಮನೆಗೆ ಮರಳಿದವಳು. ಇಲ್ಲಿ ಕಣ್ಣಿಡುವವರು ಸುತ್ತಲಿನವರು. 'ಹುಚ್ಚಿ'ಯೆಂಬ ಹೆಸರು ಬಿದ್ದ ಮೇಲೆ ಅವಳ ನಿಜಕ್ಕೂ ಬೆಲೆಯಿಲ್ಲ.

ಭಾಷೆ ಬಾರದ ಊರಿಗೆ ಬಂದ ನಮ್ಮ ಹೆಣ್ಣುಮಕ್ಕಳಿಗೂ ಮೊದಲ ವರ್ಷಗಳಲ್ಲಿ ಕಿಟಕಿಯೇ ಜಗತ್ತು. ಸಂಜೆ ಆಫೀಸಿನಿಂದ ಬಂದು, ಅವರ ಮಾತಿಗೆ 'ನಿನಗೆಲ್ಲೋ ಭ್ರಮೆ' ಎಂದುಬಿಡುವುದು ಸುಲಭ. ಪೂರ್ತಿ ಕೇಳಿ, ಎದ್ದುಹೋಗಿ ಆ ಕಿಟಕಿಯಲ್ಲಿ ನಾವೂ ಒಮ್ಮೆ ನೋಡೋಣ.