ಹಡಗಿನ ಪ್ರತಿಕೃತಿಗಳೂ ಅವುಗಳ ಎಲುಬುಗೂಡಿನ ಪ್ರಾಮಾಣ್ಯವೂ

ಪ್ರಾಚೀನರ ಶಿಲ್ಪಗಳಲ್ಲಿ ಕಾಲಕ್ಕೆ ಬಹುಬೇಗ ವಶವಾದುದು ನೌಕಾಶಿಲ್ಪ. ದೇವಾಲಯವು ಶಿಥಿಲವಾದರೂ ಅದರ ಅಧಿಷ್ಠಾನವು ನಿಲ್ಲುತ್ತದೆ. ಶಾಸನದ ಕಲ್ಲು ಒಡೆದರೂ ತುಂಡುಗಳಲ್ಲಿ ಅಕ್ಷರವುಳಿಯುತ್ತದೆ. ಹಡಗಾದರೋ ಮುಳುಗಿಹೋಗುವುದು, ಸುಟ್ಟುಹೋಗುವುದು, ಇಲ್ಲವೆ ಮುದಿಯಾದ ಬಳಿಕ ಬಿಚ್ಚಲ್ಪಟ್ಟು ಮನೆಗಳ ತೊಲೆಯೂ ಒಲೆಯ ಸೌದೆಯೂ ಆಗುವುದು. ಆದುದರಿಂದ ಹಿಂದಿನವರು ಹಡಗುಗಳನ್ನು ಹೇಗೆ ಕಟ್ಟುತ್ತಿದ್ದರೆಂಬುದನ್ನು ತಿಳಿಯಬೇಕಾದರೆ ಚರಿತ್ರಕಾರನು ಪರೋಕ್ಷ ಸಾಧನಗಳನ್ನು ಆಶ್ರಯಿಸಬೇಕಾಗುತ್ತದೆ. ಚಿತ್ರ, ಶಿಲ್ಪ, ಪ್ರವಾಸಿಗಳ ಬರಹ, ಲೆಕ್ಕದ ಕಾಗದಪತ್ರ ಇವುಗಳ ಜೊತೆಗೆ ಮರದಲ್ಲಿ ಕಡೆದ ಚಿಕ್ಕ ಪ್ರತಿಕೃತಿಗಳೂ ಇಂತಹ ಸಾಧನಗಳು. ಇವುಗಳಲ್ಲಿ ೧೭ನೆಯ ಶತಮಾನದ ಇಂಗ್ಲೆಂಡಿನ ಪ್ರತಿಕೃತಿಗಳಿಗೆ ಒಂದು ವಿಶೇಷವುಂಟು. ಅವುಗಳ ಕೆಳಮೈಗೆ ಹಲಗೆ ಹೊದಿಸದೆ ಒಳಗಿನ ಎಲುಬುಗೂಡನ್ನು ಬೇಕೆಂದೇ ತೋರಗೊಟ್ಟಿದ್ದಾರೆ. ಹೀಗೆ ತೋರಗೊಟ್ಟ ಎಲುಬುಗೂಡು ನಿಜವಾದ ಹಡಗಿನ ರಚನೆಗೆ ಎಷ್ಟರಮಟ್ಟಿಗೆ ಪ್ರಮಾಣವಾದೀತು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಹಡಗನ್ನು ಕಟ್ಟುವ ಎರಡು ಕ್ರಮಗಳನ್ನು ನೆನೆಯಬೇಕು. ಒಂದರಲ್ಲಿ ಅಡಿತೊಲೆಯ ಎರಡು ಮಗ್ಗುಲಲ್ಲಿಯೂ ಹಲಗೆಗೆ ಹಲಗೆಯನ್ನು ಸೇರಿಸುತ್ತ ಹೊರಮೈಯನ್ನು ಮೊದಲು ಎಬ್ಬಿಸಿ, ಆಮೇಲೆ ಅದರೊಳಕ್ಕೆ ಪಕ್ಕೆಗಳನ್ನು ಕೂರಿಸುತ್ತಾರೆ. ಇನ್ನೊಂದರಲ್ಲಿ ಪಕ್ಕೆಗಳನ್ನು ಮೊದಲು ನಿಲ್ಲಿಸಿ, ಆ ಗೂಡಿನ ಮೇಲೆ ಹಲಗೆಯನ್ನು ಹೊದಿಸುತ್ತಾರೆ. ಮೊದಲನೆಯ ಕ್ರಮದಲ್ಲಿ ಹಡಗಿನ ಆಕಾರವು ಹಲಗೆಯ ಬಾಗಿನಲ್ಲಿಯೂ ಶಿಲ್ಪಿಯ ಕಣ್ಣಿನಲ್ಲಿಯೂ ಹುಟ್ಟುತ್ತದೆ. ಎರಡನೆಯದರಲ್ಲಿ ಅದು ಪಕ್ಕೆಗಳ ಅಳತೆಯಲ್ಲಿ ಮುಂದಾಗಿಯೇ ಗೊತ್ತಾಗಿರಬೇಕು. ಸೈಪ್ರಸ್ ದ್ವೀಪದ ಕೈರೀನಿಯದ ಬಳಿಯಲ್ಲಿ ಸಿಕ್ಕಿದ, ಕ್ರಿ. ಪೂ. ೪ನೆಯ ಶತಮಾನದಲ್ಲಿ ಕಟ್ಟಿದ ಗ್ರೀಕ್ ನಾವೆಯು ಮೊದಲನೆಯ ಕ್ರಮದ್ದು. ತುರ್ಕಿಯ ಕರಾವಳಿಯ ಸೆರ್ಚೆ ಲಿಮಾನಿಯಲ್ಲಿ ದೊರೆತ, ಕ್ರಿ. ಶ. ೧೦೨೫ರ ಸುಮಾರಿನ ನಾವೆಯಲ್ಲಿ ಹಲಗೆಗೆ ಮುಂಚೆಯೇ ಕೆಲವು ಪಕ್ಕೆಗಳನ್ನು ನಿಲ್ಲಿಸಿದ್ದರು. ಈ ಎರಡರ ನಡುವಣ ಅವಧಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಶಿಲ್ಪಿಗಳು ಒಂದು ಕ್ರಮದಿಂದ ಇನ್ನೊಂದಕ್ಕೆ ಮೆಲ್ಲಮೆಲ್ಲನೆ ಸರಿದರು. ಪಶ್ಚಿಮ ಸಮುದ್ರದ ನಮ್ಮ ಕಡೆಯಲ್ಲಿಯೂ ಅರಬರಲ್ಲಿಯೂ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವ ಮೊದಲನೆಯ ಕ್ರಮವೇ ಬಹುಕಾಲ ನಡೆಯಿತು. ೧೨ನೆಯ ಶತಮಾನದ ಇಬ್ನ್ ಜುಬೈರನು ಕೆಂಪು ಸಮುದ್ರದಲ್ಲಿ ಕಂಡ ಇಂತಹ ಹೊಲಿದ ನಾವೆಗಳನ್ನು ವರ್ಣಿಸಿ, ಅವುಗಳ ಮರವು ಇಂಡಿಯದಿಂದಲೂ ಯೆಮನಿನಿಂದಲೂ ಬರುತ್ತಿತ್ತೆಂದು ಹೇಳಿದ್ದಾನೆ.

ಎಲುಬುಗೂಡನ್ನು ಮೊದಲು ನಿಲ್ಲಿಸುವ ಕ್ರಮವು ಬಂದಮೇಲೆ ಶಿಲ್ಪಿಗೆ ಒಂದು ಹೊಸ ಪ್ರಶ್ನೆ ಎದುರಾಯಿತು. ಪ್ರತಿಯೊಂದು ಪಕ್ಕೆಯೂ ನೆರೆಯ ಪಕ್ಕೆಗಿಂತ ತುಸು ಬೇರೆಯಾಗಿರತಕ್ಕದ್ದು. ಆ ತುಸುವೆಷ್ಟೆಂಬುದನ್ನು ಕಾಣುವ ಬಗೆ ಹೇಗೆ? ಇಂಗ್ಲೆಂಡಿನ ರಾಜಶಿಲ್ಪಿಯಾಗಿದ್ದ ಮ್ಯಾಥ್ಯೂ ಬೇಕರನು ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದಿಟ್ಟ ಚಿತ್ರಗಳೂ ಗಣಿತವೂ ಇದಕ್ಕೆ ಉತ್ತರವನ್ನು ಕೊಡುತ್ತವೆ. ನಡುಪಕ್ಕೆಯ ಆಕಾರವನ್ನು ಬೇರೆ ಬೇರೆ ತ್ರಿಜ್ಯಗಳುಳ್ಳ ವೃತ್ತಖಂಡಗಳನ್ನು ಒಂದಕ್ಕೊಂದು ತಾಗಿಸಿ ಎಳೆಯುವುದು. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋದಂತೆ ತಳವು ಏರುವ ಗೆರೆಯೊಂದನ್ನೂ ಅಗಲವು ಕುಗ್ಗುವ ಗೆರೆಯೊಂದನ್ನೂ ಗೊತ್ತುಮಾಡುವುದು. ಈ ಗೆರೆಗಳ ಅಳತೆಯಂತೆ ಅದೇ ವೃತ್ತಖಂಡಗಳನ್ನು ಜರುಗಿಸಿ ಮಿಕ್ಕ ಪಕ್ಕೆಗಳನ್ನು ಪಡೆಯುವುದು. ಬೇಕರನ ಒಂದು ಚಿತ್ರದಲ್ಲಿ ಹಡಗಿನ ಒಡಲಿನೊಳಗೆ ಮೀನೊಂದನ್ನು ಬರೆದಿದೆ. ಮುಂಭಾಗವು ತುಂಬಿಕೊಂಡು ಹಿಂಭಾಗವು ಸಪುರವಾಗಿರಬೇಕೆಂಬ ಆಗಿನ ಮತವನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಈ ಹಸ್ತಪ್ರತಿಯು ಸ್ಯಾಮುಯೆಲ್ ಪೀಪ್ಸನ ಸಂಗ್ರಹದ ಮೂಲಕ ಕೇಂಬ್ರಿಜ್ಜಿನ ಮ್ಯಾಗ್ಡಲೆನ್ ಕಾಲೇಜನ್ನು ಸೇರಿದೆ. ಪೀಪ್ಸನ ಕೋರಿಕೆಯಂತೆ ಆಂಥೊನಿ ಡೀನನು ೧೬೭೦ರಲ್ಲಿ ಬರೆದ ನೌಕಾಶಾಸ್ತ್ರಗ್ರಂಥದಲ್ಲಿ ಇದೇ ರೀತಿಯು ಇನ್ನೂ ಪರಿಷ್ಕಾರವಾಗಿ ಬಂದಿದೆ. ಕಟ್ಟುತ್ತಿರುವ ಹಡಗು ನೀರಿನಲ್ಲಿ ಎಷ್ಟು ಆಳ ಇಳಿಯುವುದೆಂಬುದನ್ನು ಅದು ನೀರಿಗಿಳಿಯುವುದಕ್ಕೆ ಮುಂಚೆಯೇ ಲೆಕ್ಕಹಾಕಿ ಹೇಳಬಲ್ಲೆನೆಂದು ಡೀನನು ಹೆಸರುಗೊಂಡಿದ್ದನು.

ಆಕಾರವು ಹೀಗೆ ಕಾಗದದ ಮೇಲೆ ಬಂದರೂ, ಆಜ್ಞೆ ಕೊಡುವ ದೊರೆಗಳಿಗೂ ಅಧಿಕಾರಿಗಳಿಗೂ ಗೆರೆಗಳು ಅರ್ಥವಾಗುತ್ತಿರಲಿಲ್ಲ. ಅವರ ಕಣ್ಣಿಗೆ ತೋರುವಂತಹುದು ಮರದ ಪ್ರತಿಕೃತಿ. ಫಿನಿಯಾಸ್ ಪೆಟ್ ಎಂಬ ಶಿಲ್ಪಿಯು ೧೬೦೭ರಲ್ಲಿ ಒಂದು ಪ್ರತಿಕೃತಿಯನ್ನು ಮಾಡಿ ನೌಕಾಧಿಪತಿಗೆ ಒಪ್ಪಿಸಲು, ಅದನ್ನು ನೋಡಿದ ಒಂದನೆಯ ಜೇಮ್ಸ್ ದೊರೆಯು ಅದರಂತೆಯೇ ದೊಡ್ಡ ಹಡಗೊಂದನ್ನು ಕಟ್ಟಬೇಕೆಂದು ಅಪ್ಪಣೆಯಿತ್ತನು. ಇದು ಪೆಟ್ಟನ ಆತ್ಮವೃತ್ತದಿಂದ ತಿಳಿಯಬರುತ್ತದೆ. ೧೬೧೦ರಲ್ಲಿ ನೀರಿಗಿಳಿದ 'ಪ್ರಿನ್ಸ್ ರಾಯಲ್' ಎಂಬುದೇ ಆ ಹಡಗು. ಆದರೆ ಕಟ್ಟುವ ಕಾಲದಲ್ಲಿಯೇ ಪೆಟ್ಟನ ಪ್ರತಿಸ್ಪರ್ಧಿಗಳು ಹಡಗಿನ ಅಳತೆ ಸರಿಯಿಲ್ಲ, ಮರವು ಯೋಗ್ಯವಾದುದಲ್ಲ ಎಂದು ದೂರು ಕೊಟ್ಟರು. ೧೬೦೯ರಲ್ಲಿ ದೊರೆಯೇ ವುಲಿಚ್ಚಿಗೆ ಬಂದು ವಿಚಾರಣೆಯನ್ನು ನಡೆಯಿಸಿ ಪೆಟ್ಟನನ್ನು ನಿರ್ದೋಷಿಯೆಂದನು. ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದುಂಟು. ದೊರೆಯ ಮನಸ್ಸನ್ನು ಗೆದ್ದುದು ಪ್ರತಿಕೃತಿ. ವಿವಾದಕ್ಕೆ ಬಂದುದಾದರೋ ನಿಜವಾದ ಮರ. ಮರದ ಹಸಿತನವನ್ನಾಗಲಿ ಅದರ ಎಳೆ ಹರಿದ ಬಗೆಯನ್ನಾಗಲಿ ಯಾವ ಪ್ರತಿಕೃತಿಯೂ ತೋರಿಸಲಾರದು.

ಈಗ ಉಳಿದಿರುವ ಎಲುಬುಗೂಡಿನ ಪ್ರತಿಕೃತಿಗಳಲ್ಲಿ ಅತಿ ಹಳೆಯವು ೧೬೫೦ರ ದಶಕದವು. ಲಂಡನ್ನಿನ ಗ್ರೀನಿಚ್ ವಸ್ತುಸಂಗ್ರಹದಲ್ಲಿಯೂ, ಹೆನ್ರಿ ಹಡಲ್‌ಸ್ಟನ್ ರಾಜರ್ಸನ ಮರಣಶಾಸನದಂತೆ ೧೯೩೫ರಲ್ಲಿ ಅಮೆರಿಕದ ಅನಾಪೊಲಿಸ್ ನೌಕಾವಿದ್ಯಾಲಯಕ್ಕೆ ಸಂದ ಸಂಗ್ರಹದಲ್ಲಿಯೂ ಇವುಗಳ ಶ್ರೇಷ್ಠ ಮಾದರಿಗಳಿವೆ. ಇವುಗಳಲ್ಲಿ ಬಹುಪಾಲು ಒಂದು ಅಡಿಗೆ ಕಾಲು ಅಂಗುಲದ, ಎಂದರೆ ೪೮ಕ್ಕೆ ೧ರ ಪ್ರಮಾಣದಲ್ಲಿವೆ. ೧೫೦ ಅಡಿ ಉದ್ದದ ಹಡಗು ಈ ಪ್ರಮಾಣದಲ್ಲಿ ೩೭½ ಅಂಗುಲವಾಗುತ್ತದೆ. ಒಂದಡಿ ದಪ್ಪದ ಪಕ್ಕೆಯು ಕಾಲಂಗುಲಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಓಕ್ ಮರದ ಒರಟು ಎಳೆ ಒಗ್ಗದು. ಆದುದರಿಂದ ನಯವಾದ ಎಳೆಯುಳ್ಳ ಪೇರು ಮರವನ್ನೂ ಬಾಕ್ಸ್ ಮರವನ್ನೂ ಬಳಸುತ್ತಿದ್ದರು.

ಇವುಗಳ ರಚನಾಕ್ರಮವು ಹೀಗಿದೆ. ಮೊದಲು ಅಡಿತೊಲೆ, ಅದರ ಎರಡು ತುದಿಗಳಲ್ಲಿ ಮುಂಗಂಬ ಮತ್ತು ಹಿಂಗಂಬ. ಅಡಿತೊಲೆಯ ಮೇಲೆ ಅಡ್ಡಲಾಗಿ ಕೂರುವ, ಎರಡು ಕಡೆಗೂ ತೋಳು ಚಾಚಿದ ತುಂಡಿಗೆ ತಳದಿಂಡು ಎನ್ನಬಹುದು. ಒಂದು ತಳದಿಂಡಿಗೂ ಮುಂದಿನದಕ್ಕೂ ನಡುವೆ ಒಂದು ದಿಂಡಿನ ಅಗಲದಷ್ಟು ತೆರವನ್ನು ಬಿಡುತ್ತಾರೆ. ಆ ತೆರವಿನೊಳಕ್ಕೆ ಮೇಲಿನಿಂದ ಇಳಿದುಬರುವುದು ನಡುದಿಂಡು. ಅದು ಅಡಿತೊಲೆಯನ್ನು ಮುಟ್ಟದೆ, ಒಡಲು ತಿರುಗಿ ಮೇಲೇಳುವೆಡೆಯಲ್ಲಿ ಮಾತ್ರ ತಳದಿಂಡುಗಳ ನಡುವೆ ಸೇರಿಕೊಳ್ಳುತ್ತದೆ. ಇದರ ಮೇಲೆ ಅದೇ ಕ್ರಮದಲ್ಲಿ ಮೇಲ್ದಿಂಡುಗಳು ನಡುದಿಂಡುಗಳ ತೆರವಿನೊಳಕ್ಕೆ ಇಳಿಯುತ್ತವೆ. ಇದರ ಫಲವಾಗಿ ತಳದಲ್ಲಿ ಬೆಳಕಾಡುವ ಸಾಲು, ದಿಂಡುಗಳು ಕೂಡುವೆಡೆಯಲ್ಲಿ ಗೋಡೆಯಂತೆ ಒತ್ತಾದ ಪಟ್ಟೆ, ಅದರ ಮೇಲೆ ಮತ್ತೆ ತೆರವಿನ ಸಾಲು ಹೀಗೆ ಒಂದು ಲಯಬದ್ಧವಾದ ವಿನ್ಯಾಸವು ಮೂಡುತ್ತದೆ. ನಡುಮೈಯನ್ನು ಬಿಗಿದಿರುವ ದಪ್ಪ ಪಟ್ಟಿಗಳಿಂದ ಮೇಲಕ್ಕೆ ಮಾತ್ರ ಹಲಗೆ ಹೊದಿಸಿ, ಚಿನ್ನದ ಲೇಪದ ಕೆತ್ತನೆಗಳಿಂದ ಅಲಂಕರಿಸುತ್ತಾರೆ.

ಈ ವಿನ್ಯಾಸದ ನಿಯಮಬದ್ಧತೆಯೇ ಸಂದೇಹಕ್ಕೆ ಕಾರಣವಾಗಿದೆ. ನಿಜವಾದ ಹಡಗಿನಲ್ಲಿ ಪಕ್ಕೆಯ ತುಂಡು ಎಷ್ಟುದ್ದವಿರಬೇಕೆಂಬುದನ್ನು ನಿರ್ಣಯಿಸುವುದು ಕಾಡು, ಶಿಲ್ಪಿಯಲ್ಲ. ಬಾಗಿದ ಪಕ್ಕೆಯನ್ನು ನೆಟ್ಟಗಿನ ಮರದಿಂದ ಕಡೆದರೆ ಎಳೆಯು ಅಡ್ಡಲಾಗಿ ತುಂಡಾಗಿ ಬಲಗೆಡುತ್ತದೆ. ಆದಕಾರಣ ತಾನೇ ಬಾಗಿ ಬೆಳೆದ ಓಕ್ ಕೊಂಬೆಗಳನ್ನು ಹುಡುಕಿ ತರಬೇಕಾಗಿತ್ತು. ಅಂತಹ ದೊಡ್ಡ ಕೊಂಬೆಗಳು ದುರ್ಲಭವಾದುದರಿಂದ ದೊಡ್ಡ ಹಡಗಿನ ಒಂದೊಂದು ಪಕ್ಕೆಯನ್ನೂ ಅನೇಕ ಗಿಡ್ಡ ತುಂಡುಗಳಿಂದ ಜೋಡಿಸುತ್ತಿದ್ದರು. ಪ್ರತಿಕೃತಿಯಲ್ಲಿ ಮೂರೇ ನೀಳವಾದ ದಿಂಡುಗಳಿಂದ ಮುಗಿಯುವ ಕೆಲಸವು ಹಡಗಿನಲ್ಲಿ ಅದಕ್ಕಿಂತ ಹೆಚ್ಚು ತುಂಡುಗಳನ್ನು ಬೇಡುತ್ತಿತ್ತು. ತೆರವುಗಳೂ ಅಷ್ಟು ಅಗಲವಾಗಿರದೆ, ಒಡಲು ಬಹುಮಟ್ಟಿಗೆ ಮರದ ಗೋಡೆಯೇ ಆಗಿರುತ್ತಿತ್ತು. ೧೬೨೮ರಲ್ಲಿ ಮುಳುಗಿ ೧೯೬೧ರಲ್ಲಿ ಮೇಲಕ್ಕೆತ್ತಲ್ಪಟ್ಟ ಸ್ವೀಡನ್ನಿನ 'ವಾಸಾ' ಹಡಗು ಡಚ್ ಶಿಲ್ಪಿಯ ಕೆಲಸವಾಗಿದ್ದು ಇಂಗ್ಲಿಷ್ ರೀತಿಗೆ ನೇರವಾದ ಸಾಕ್ಷಿಯಲ್ಲ. ಆದರೂ ಮರದ ದೊರಕೊಳ್ಳುವಿಕೆಗೆ ತಕ್ಕಂತೆ ಪಕ್ಕೆಗಳ ತುಂಡುಗಳು ಎಷ್ಟು ಏರುಪೇರಾಗಿರುತ್ತಿದ್ದವೆಂಬುದಕ್ಕೆ ಅದರ ಒಡಲು ಒಳ್ಳೆಯ ನಿದರ್ಶನ.

ಹೀಗಿರಲು ಕೆಲವರು ಈ ಪ್ರತಿಕೃತಿಗಳ ಎಲುಬುಗೂಡನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದುಂಟು. ಹಡಗು ಕಟ್ಟುವ ಮುಂಚೆ ಒಪ್ಪಿಗೆಗಾಗಿ ಇಂತಹ ಪ್ರತಿಕೃತಿಯೊಂದನ್ನು ತಪ್ಪದೆ ಸಲ್ಲಿಸುತ್ತಿದ್ದರೆಂಬ ಹಿಂದಿನ ನಂಬಿಕೆಯೂ ಈಚಿನ ಸಂಶೋಧನೆಯಿಂದ ಸಡಲಿದೆ. ಎಷ್ಟೋ ಪ್ರತಿಕೃತಿಗಳು ಹಡಗು ಕಟ್ಟುತ್ತಿರುವಾಗಲೋ ಕಟ್ಟಿ ಮುಗಿದ ಮೇಲೆಯೋ ಕಾಣಿಕೆಗಾಗಿ, ಸ್ಮರಣೆಗಾಗಿ, ಪಾಠಕ್ಕಾಗಿ ಆದುವು. ಪೀಪ್ಸನು ೧೬೬೨ರ ಬೇಸಗೆಯಲ್ಲಿ ನಾವಿಕನೊಬ್ಬನಿಂದ ಹಡಗಿನ ಅಂಗಾಂಗಗಳ ಹೆಸರನ್ನು ಕಲಿತದ್ದು ಪ್ರತಿಕೃತಿಯೊಂದನ್ನು ಮುಂದಿಟ್ಟುಕೊಂಡೇ ಎಂದು ಅವನ ದಿನಚರಿಯಿಂದ ಗೊತ್ತಾಗುತ್ತದೆ. ಆದರೆ ಅಲಂಕಾರವೆಂಬ ಮಾತು ಪೂರ್ಣವಾಗಿ ಸಲ್ಲದು. ತಳದಿಂಡೂ ನಡುದಿಂಡೂ ಪರ್ಯಾಯವಾಗಿ ಬರುವುದು, ನಡುದಿಂಡಿನ ಬುಡವು ಅಡಿತೊಲೆಯನ್ನು ಮುಟ್ಟದಿರುವುದು, ಕೂಡುವೆಡೆಯ ಒತ್ತಾದ ಪಟ್ಟೆಯೇ ಒಡಲಿನ ಬಲಕ್ಕೆ ಆಧಾರವಾಗಿರುವುದು ಇವೆಲ್ಲ ಆ ಕಾಲದ ಇಂಗ್ಲಿಷ್ ಶಿಲ್ಪಿಗಳು ನಿಜವಾಗಿ ಅನುಸರಿಸಿದ ತತ್ತ್ವಗಳು. ಪ್ರತಿಕೃತಿಯು ಅವುಗಳನ್ನು ಕಲ್ಪಿಸಲಿಲ್ಲ, ಸಂಕ್ಷೇಪಿಸಿತು, ನೇರ್ಪಡಿಸಿತು.

ಸಾಹಿತ್ಯವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ವ್ಯಾಕರಣದ ಸೂತ್ರವು ಜನರಾಡುವ ಮಾತಿನ ಪ್ರತಿಲೇಖವಲ್ಲ; ಹಾಗೆಂದು ಅದು ಮಾತಿಗೆ ಸಂಬಂಧವಿಲ್ಲದ ಕಲ್ಪನೆಯೂ ಅಲ್ಲ. ಆಡುವ ಮಾತಿನ ಏರುಪೇರುಗಳೊಳಗೆ ಅಡಗಿರುವ ನಿಯಮವನ್ನು ಅದು ಎತ್ತಿ ತೋರಿಸುತ್ತದೆ. ಸೂತ್ರದಲ್ಲಿಲ್ಲದ ರೂಪವು ಶಾಸನದಲ್ಲಿ ಕಂಡುಬಂದರೆ ಶಾಸನವನ್ನು ತಪ್ಪೆನ್ನಲಾಗದು, ಸೂತ್ರವನ್ನೂ ಸುಳ್ಳೆನ್ನಲಾಗದು. ಪ್ರತಿಕೃತಿಯ ಎಲುಬುಗೂಡು ಸೂತ್ರಸ್ಥಾನದಲ್ಲಿದೆ. ಸಮುದ್ರದಡಿಯಿಂದ ಬಂದ ಒಡಲು ಶಾಸನಸ್ಥಾನದಲ್ಲಿದೆ. ಆಕಾರ, ಪ್ರಮಾಣ, ಅಟ್ಟಗಳ ವಿಂಗಡಣೆ, ಕೆತ್ತನೆ ಇವುಗಳಲ್ಲಿ ಪ್ರತಿಕೃತಿಯನ್ನು ಬಹುಮಟ್ಟಿಗೆ ನಂಬಬಹುದು. ಪಕ್ಕೆಗಳ ಜೋಡಣೆಯಲ್ಲಿ ಅದರಿಂದ ತತ್ತ್ವವನ್ನು ಗ್ರಹಿಸಬೇಕಲ್ಲದೆ ತುಂಡುಗಳ ಸಂಖ್ಯೆಯನ್ನಾಗಲಿ ತೆರವಿನ ಅಳತೆಯನ್ನಾಗಲಿ ಗ್ರಹಿಸಕೂಡದು. ಮರದ ಜಾತಿ, ಗುಣ, ದೋಷಗಳ ವಿಷಯದಲ್ಲಿ ಅದು ಮೌನವಾಗಿದೆ.

ಪ್ರತಿಕೃತಿಯೂ ನಕ್ಷೆಯೂ ದೂರದಿಂದ ಆಜ್ಞೆ ಕೊಡುವವರ ಸಾಧನಗಳೆಂಬುದಕ್ಕೆ ನಮ್ಮ ಕಡಲತೀರದಲ್ಲಿಯೂ ಉದಾಹರಣೆಗಳಿವೆ. ಟಿಪ್ಪು ಸುಲ್ತಾನನು ೧೭೯೬ರಲ್ಲಿ ನೌಕಾಬಲಕ್ಕೆ ಹೊಸ ವ್ಯವಸ್ಥೆಯನ್ನು ಏರ್ಪಡಿಸಿ, ಸುಮಾರು ೪೦ ಯುದ್ಧನೌಕೆಗಳನ್ನು ಮಂಗಳೂರು, ಮಿರ್ಜಾನು ಮೊದಲಾದೆಡೆಗಳಲ್ಲಿ ಕಟ್ಟಬೇಕೆಂದು ವಿಧಿಸಿದನು. ಅವುಗಳ ಮಾದರಿಯು ಸುಲ್ತಾನನಿಂದಲೇ ಬಂದಿತೆಂದು ಚರಿತ್ರಕಾರರು ಬರೆದಿದ್ದಾರೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದುದರಿಂದ ಆ ಸಂಕಲ್ಪವು ಕೈಗೂಡಲಿಲ್ಲ. ಬೊಂಬಾಯಿಯ ವಾಡಿಯಾ ಮನೆತನದ ಶಿಲ್ಪಿಗಳಿಗಾದರೋ ಇಂಗ್ಲೆಂಡಿನಿಂದ ನಕ್ಷೆಗಳು ಬರುತ್ತಿದ್ದವು. 'ಟ್ರಿಂಕೊಮಲಿ' ಎಂಬ ಹಡಗಿನ ನಕ್ಷೆಗಳನ್ನು ಹೊತ್ತಿದ್ದ 'ಜಾವಾ' ನೌಕೆಯು ೧೮೧೨ರಲ್ಲಿ ಅಮೆರಿಕದವರೊಡನೆ ನಡೆದ ಕಾಳಗದಲ್ಲಿ ನಷ್ಟವಾಗಲು, ಮತ್ತೊಂದು ಪ್ರತಿ ಬರುವವರೆಗೆ ಕೆಲಸವು ತಡೆಯಬೇಕಾಯಿತು. ಕೊನೆಗೆ ಜಮ್ಶೇಟ್‌ಜೀ ಬೊಮನ್‌ಜೀ ವಾಡಿಯಾ ಅದನ್ನು ತೇಗದಲ್ಲಿ ಕಟ್ಟಿ ೧೮೧೭ರಲ್ಲಿ ನೀರಿಗಿಳಿಸಿದನು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದು ಇಂದಿಗೂ ತೇಲುತ್ತಿದೆ.

ಹಲಗೆಯನ್ನು ಮೊದಲು ಹೊಲಿಯುವ ನಮ್ಮ ಹಳೆಯ ಕ್ರಮಕ್ಕೆ ಇಂತಹ ನಕ್ಷೆಯೂ ಎಲುಬುಗೂಡಿನ ಪ್ರತಿಕೃತಿಯೂ ಬೇಕಾಗಿರಲಿಲ್ಲ. ಆಕಾರವು ಶಿಲ್ಪಿಯ ಕೈಯಲ್ಲಿಯೇ ಇತ್ತು. ಅದಕ್ಕಾಗಿಯೇ ಆ ಹಡಗುಗಳ ನೆನಪು ಬೇಗ ಅಳಿಯಿತು. ಅಜಂತೆಯ ೨ನೆಯ ಗುಹೆಯಲ್ಲಿರುವ ೫ನೆಯ ಶತಮಾನದ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಗೋವೆಯಲ್ಲಿ ಕಟ್ಟಿದ ಹೊಲಿದ ನೌಕೆಯು ೨೦೨೫ರ ಮೇ ತಿಂಗಳಲ್ಲಿ ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹೆಸರಿನಿಂದ ಭಾರತದ ನೌಕಾಪಡೆಗೆ ಸೇರಿತು. ಹಳೆಯ ನಕ್ಷೆಯೊಂದೂ ಇಲ್ಲದ ಕಾರಣ ಅದರ ಚಿಕ್ಕ ಪ್ರತಿಕೃತಿಯನ್ನು ಮದರಾಸಿನ ತಾಂತ್ರಿಕ ವಿದ್ಯಾಲಯದಲ್ಲಿ ನೀರಿನಲ್ಲಿಟ್ಟು ಪರೀಕ್ಷಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಪ್ರತಿಕೃತಿಗಳು ಉಳಿದು ಹಡಗುಗಳು ಅಳಿದುವು. ಇಲ್ಲಿಯಾದರೋ ಎರಡೂ ಅಳಿದು, ನಾರಿನ ಹುರಿಯನ್ನು ಬಿಗಿಯಬಲ್ಲ ಕೆಲವರ ಕೈಚಳಕ ಮಾತ್ರ ಉಳಿದಿತ್ತು. ಆ ಕೈಚಳಕವೂ ಒಂದು ಮಾತೃಕೆಯೇ. ಹಸ್ತಪ್ರತಿಗಳನ್ನು ಹುಡುಕಿ ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ, ಕರಾವಳಿಯ ಶಿಲ್ಪಿಗಳ ಅಳತೆಗಳನ್ನೂ ಅವರು ಹಡಗಿನ ಅಂಗಾಂಗಗಳಿಗೆ ಬಳಸುವ ಪದಗಳನ್ನೂ ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳುವುದು ವಿದ್ವಾಂಸರ ಕರ್ತವ್ಯವಾಗಿದೆ.