ಉಸಿರಾಟದ ಟ್ಯೂಬಿನ ಅಡಚಣೆ: ಚರಿತ್ರೆ

ತಾನಾಗಿ ಉಸಿರಾಡಲಾಗದ ರೋಗಿಯ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬು ಕಫ, ರಕ್ತ ಅಥವಾ ಮಡಿಕೆಯಿಂದ ಕಟ್ಟಿಕೊಳ್ಳುವುದು ತುರ್ತು ಚಿಕಿತ್ಸೆಯ ಹಳೆಯ ಕಂಟಕ, ಟ್ಯೂಬಿನಷ್ಟೇ ಹಳೆಯದು.

19ನೇ ಶತಮಾನದಲ್ಲಿ ಗಂಟಲಮಾರಿ ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರುಗಟ್ಟಿಸುತ್ತಿತ್ತು. ಕುತ್ತಿಗೆ ಸೀಳಿ ಇಡುತ್ತಿದ್ದ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತಿತ್ತು. ಕಟ್ಟಿಕೊಂಡರೆ ಒಳಗಿನದನ್ನಷ್ಟೇ ಎಳೆದು, ತೊಳೆದು, ಮತ್ತೆ ತೂರಿಸುತ್ತಿದ್ದರು. ಗ್ಲಾಸ್ಗೋದ ವಿಲಿಯಂ ಮೆಕ್ಯೂಯೆನ್ ಬಾಯಿಯ ಮೂಲಕವೇ ಟ್ಯೂಬು ಇಳಿಸಿದ್ದನ್ನು 1880ರಲ್ಲಿ ಪ್ರಕಟಿಸಿದರು. 1885ರ ಹೊತ್ತಿಗೆ ನ್ಯೂಯಾರ್ಕಿನ ಜೋಸೆಫ್ ಓಡ್ವಯರ್ ಗಂಟಲಮಾರಿಯ ಮಕ್ಕಳಿಗೆ ಇದೇ ಬಗೆಯ ಉಪಾಯ ಮಾಡಿದರು. ಆದರೆ ಕಿತ್ತುಬಂದ ಪೊರೆ ಕೊಳವೆಯ ಬಾಯಿಗೇ ಅಡ್ಡವಾಗುತ್ತಿತ್ತು. ತುದಿ ಮುಚ್ಚಿದರೂ ಗಾಳಿ ಸಾಗಲೆಂದು ಟ್ಯೂಬಿನ ಪಕ್ಕಕ್ಕೊಂದು ಕಿಂಡಿ ಬಂದದ್ದು 1941ರಲ್ಲಿ. ಇಂದಿಗೂ ಅದಕ್ಕೆ ಮರ್ಫಿ ಕಣ್ಣು ಎನ್ನುತ್ತಾರೆ.

ದೊಡ್ಡ ತಿರುವು 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗು. ಮೊದಲ ವಾರಗಳಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಆಗಸ್ಟ್ 27ರಂದು ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ತನ್ನದೇ ಕಫದಲ್ಲಿ ಮುಳುಗುತ್ತಿದ್ದ 12 ವರ್ಷದ ಹುಡುಗಿಯ ಕುತ್ತಿಗೆಗೆ ಟ್ಯೂಬು ಹಾಕಿಸಿ, ಕಫ ಹೀರಿ ತೆಗೆದು, ಕೈಯಿಂದ ಚೀಲ ಅದುಮಿ ಉಸಿರು ಕೊಟ್ಟರು. ಮುಂದೆ ಸರದಿಯ ಮೇಲೆ ಚೀಲ ಅದುಮಿದವರು ವೈದ್ಯಕೀಯ ವಿದ್ಯಾರ್ಥಿಗಳು.

ಅಡಚಣೆಯನ್ನು ಬಹುಕಾಲ ಕಂಡುಹಿಡಿದದ್ದು ಕೈ ಮತ್ತು ಕಿವಿ: ಉಸಿರು ಕೊಡುವ ಚೀಲ (ಅಂಬು ಬ್ಯಾಗ್) ಅದುಮಲು ಬಿಗಿ, ಎದೆ ಏಳುವುದಿಲ್ಲ, ಉಸಿರಿನ ಸದ್ದಿಲ್ಲ. ಬೆರಳಿಗೆ ಹಾಕುವ ಆಕ್ಸಿಜನ್ ಮಾಪಕ ತಡವಾಗಿ ಎಚ್ಚರಿಸುತ್ತದೆ. ನಿಶ್ವಾಸದ ಇಂಗಾಲದ ಡೈಆಕ್ಸೈಡ್ ಅಲೆ ಬೇಗ ಹೇಳುತ್ತದೆ. ಅರ್ಧ ಕಟ್ಟಿದರೆ ಅಲೆ ವಾಲುತ್ತದೆ, ಪೂರ್ತಿ ಕಟ್ಟಿದರೆ ಚಪ್ಪಟೆ. ಈ ಅಲೆ ತೋರಿಸುವ ಮಾಪಕ ಬಳಸದಿದ್ದುದು ಐಸಿಯುಗಳಲ್ಲಿ ಉಸಿರುದಾರಿಯ ಅವಘಡದಿಂದಾದ ಸಾವುಗಳಿಗೆ ದೊಡ್ಡ ಕಾರಣವೆಂದು 2011ರ ಬ್ರಿಟಿಷ್ ಸಮೀಕ್ಷೆ ಹೇಳಿತು. 2016ರಲ್ಲಿ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ ಐಸಿಯು ರೋಗಿಗಳಿಗೂ ಮಾರ್ಗಸೂಚಿ ತಂದಿತು. ಕಫ ಹೀರುವ ಸಕ್ಷನ್ ನಳಿಕೆ ಇಳಿಯದೆ, ಗಾಳಿಯೂ ಹೋಗದಿದ್ದರೆ ಟ್ಯೂಬು ಕಿತ್ತು ಮಾಸ್ಕಿನಿಂದ ಉಸಿರು ಕೊಡುವುದೇ ದಾರಿ. ಅನುಮಾನದಲ್ಲಿ ಕಾಯುತ್ತ ಕೂರುವುದೇ ಹೆಚ್ಚು ಅಪಾಯ.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಶುರುವಾಯಿತು. ಆದರೆ ಸಾಗಿಸುವ ದಾರಿಯಲ್ಲೂ ಟ್ಯೂಬು ಕಟ್ಟಬಹುದು: ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ಕಡೆಯ ರೋಗಿ ದೊಡ್ಡಬಳ್ಳಾಪುರಕ್ಕೆ ಬಂದು, ಟ್ಯೂಬು ಹಾಕಿಸಿಕೊಂಡು ಬೆಂಗಳೂರಿಗೆ ಹೋಗಬೇಕಾದಾಗ ಸ್ಟ್ರೆಚರ್ ಬದಲಿಸುವಾಗಿನ ಒಂದು ಎಳೆತ, ಒಂದು ಮಡಿಕೆ ಸಾಕು, ಗಾಳಿ ನಿಲ್ಲುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಒಳಸೇರಿದವರಲ್ಲಂತೂ ಕಫ ಉಕ್ಕುತ್ತದೆ. ಅಟ್ರೋಪಿನ್ ಕೊಟ್ಟ ಮೇಲೆ ಅದೇ ಗಟ್ಟಿಯಾಗಿ ಟ್ಯೂಬಿಗೆ ಅಂಟಬಹುದು. ಇಂಥ ರೋಗಿಯನ್ನು ಸಾಗಿಸುವಾಗ ಮಾನಿಟರಿಗಿಂತ ಮೊದಲು ನೋಡಬೇಕಾದದ್ದು ಸಕ್ಷನ್ ಯಂತ್ರದ ಬ್ಯಾಟರಿ.