ಇರುವುದನ್ನು ಉಳಿಸುವ ಮತ

ಸಂಪ್ರದಾಯವಾದಿ ಪಕ್ಷವೊಂದಕ್ಕೆ ಜನರು ಮತ ನೀಡುವುದೇಕೆ? ಸಿರಿವಂತರ ಸ್ವಾರ್ಥ, ಬಡವರ ಅಜ್ಞಾನ ಎಂಬ ಸಿದ್ಧ ಉತ್ತರವು ಸಾಲದೆಂಬುದಕ್ಕೆ ಸ್ವತಂತ್ರ ಪಕ್ಷದ ಇತಿಹಾಸವೇ ಸಾಕ್ಷಿ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ನಿರ್ಣಯವನ್ನು ಅಂಗೀಕರಿಸಿತು. ಅದನ್ನು ವಿರೋಧಿಸಿ ಅದೇ ವರ್ಷ ರಾಜಾಜಿಯವರು ಈ ಪಕ್ಷವನ್ನು ಕಟ್ಟಿದರು; ರೈತನಾಯಕ ಎನ್. ಜಿ. ರಂಗಾ ಅವರು ಅಧ್ಯಕ್ಷರಾದರು. ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44 ಸ್ಥಾನಗಳು ಅದಕ್ಕೆ ದೊರೆತವು. ಹೊಲವು ಕೈತಪ್ಪೀತೆಂಬ ರೈತನ ಭಯ, ಪರ್ಮಿಟ್ಟು-ಲೈಸೆನ್ಸುಗಳಿಂದ ಬೇಸತ್ತ ವರ್ತಕನ ಅಸಮಾಧಾನ, ಜಯಪುರ, ಒಡಿಶಾಗಳಲ್ಲಿ ಹಳೆಯ ಅರಸುಮನೆತನಗಳ ಮೇಲಿನ ನಿಷ್ಠೆ, ಇವೆಲ್ಲವೂ ಒಂದೇ ಮತಪೆಟ್ಟಿಗೆಯಲ್ಲಿ ಕೂಡಿದವು.

ಆಸ್ತಿಯ ಹಕ್ಕನ್ನು ಸಾರಿದ ಆ ಪಕ್ಷವು ಗಾಂಧೀಜಿಯವರ ಧರ್ಮದರ್ಶಿತ್ವವನ್ನೂ ತನ್ನ ಮೂಲತತ್ತ್ವಗಳಲ್ಲಿ ಸೇರಿಸಿತ್ತು: ಧನಿಕನು ಧನದ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವವನು. ಈ ಹೊಣೆಯು ಮಾತಿನಲ್ಲಿಯೇ ಉಳಿದರೆ ಹಕ್ಕಿನ ವಾದವು ಬರಿಯ ಮೋಹವಾಗುತ್ತದೆ. 1971ರಲ್ಲಿ 'ಗರೀಬಿ ಹಟಾವೋ' ಕರೆಯ ಮುಂದೆ ಪಕ್ಷಕ್ಕೆ ದಕ್ಕಿದುದು 8 ಸ್ಥಾನ. 1974ರಲ್ಲಿ ಅದು ಭಾರತೀಯ ಲೋಕದಳದಲ್ಲಿ ಲೀನವಾಯಿತು.

ಇರುವುದನ್ನು ಉಳಿಸಿಕೊಳ್ಳುವ ಬಯಕೆ ಸಹಜವಾದುದು, ಪಾಪವಲ್ಲ. ಆದರೆ ಏನೂ ಇಲ್ಲದವನಿಗೆ ಆ ಉಳಿಕೆಯಲ್ಲಿ ಪಾಲೆಷ್ಟು ಎಂಬುದನ್ನು ಮತದಾರನು ತನ್ನ ಅಂತರಂಗವನ್ನು ಕೇಳಿಕೊಳ್ಳಬೇಕು.